ಬಾಲಚುಕ್ಕಿಯ ಹಿಂದಿನ ದೀಪ: ಧೂಮಕೇತುಗಳ ವಾಯುಮಂಡಲದ ಅಧ್ಯಯನದಲ್ಲಿ ರೇಡಿಯೊ ಅಲೆಗಳು ಮತ್ತು ಪಲ್ಸಾರ್‌ಗಳು

ಕನ್ನಡದ ಆಡುಮಾತಿನಲ್ಲಿ ಧೂಮಕೇತುವಿಗೆ ಬಾಲಚುಕ್ಕಿ ಎಂಬ ಹೆಸರಿದೆ. ಸಂಸ್ಕೃತ ಮೂಲದ ಧೂಮಕೇತು ಎಂಬ ಶಬ್ದವು ಹೊಗೆಯ ಬಾವುಟವನ್ನು ನೆನಪಿಗೆ ತಂದರೆ, ಬಾಲಚುಕ್ಕಿ ಎಂಬುದು ಕಣ್ಣಿಗೆ ಕಂಡ ಆಕಾರವನ್ನು ನೇರವಾಗಿ ಹೇಳುತ್ತದೆ. ಎರಡೂ ಹೆಸರುಗಳು ಹುಟ್ಟಿರುವುದು ಬಾಲದಿಂದಲೇ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ಕೇತುಚಾರ ಅಧ್ಯಾಯದಲ್ಲಿ ಕೇತುಗಳ ಸಂಖ್ಯೆಯ ಬಗೆಗೆ ಪೂರ್ವಿಕರಲ್ಲಿದ್ದ ಭಿನ್ನಾಭಿಪ್ರಾಯಗಳನ್ನು ದಾಖಲಿಸಿದ್ದಾನೆ. ಕೆಲವರ ಪ್ರಕಾರ ಅವು ನೂರೊಂದು, ಮತ್ತೆ ಕೆಲವರ ಪ್ರಕಾರ ಸಾವಿರ. ನಾರದನ ಮತದಂತೆ ಹಲವು ರೂಪ ತಾಳುವ ಕೇತು ಒಂದೇ. ಕೇತುವಿನ ಉದಯಾಸ್ತಗಳನ್ನು ಗಣಿತದಿಂದ ತಿಳಿಯಲು ಶಕ್ಯವಿಲ್ಲವೆಂಬ ಮಾತನ್ನೂ ಆತ ಹೇಳುತ್ತಾನೆ. ಗಣಿತದ ಮಿತಿಯನ್ನು ಹೀಗೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ಶಾಸ್ತ್ರಕಾರನ ಪ್ರಾಮಾಣಿಕತೆ ಗಮನಾರ್ಹವಾದುದು. ಆ ಮಿತಿಯನ್ನು ದಾಟಿದ್ದು 1705ರಲ್ಲಿ ಎಡ್ಮಂಡ್ ಹ್ಯಾಲಿ ಪ್ರಕಟಿಸಿದ ಲೆಕ್ಕಾಚಾರ. ಆದರೆ ಧೂಮಕೇತು ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ದೊರೆತ ಮೇಲೂ ಅದರ ಬಾಲದೊಳಗೆ ಏನಿದೆ, ಎಷ್ಟಿದೆ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಮನುಷ್ಯ ಅನುಸರಿಸಿದ ಒಂದು ನಿರ್ದಿಷ್ಟ ಮಾರ್ಗದ ಚರಿತ್ರೆಯನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ಬಾಲವನ್ನು ನೋಡುವ ಬದಲು ಬಾಲದ ಹಿಂದಿರುವ ಬೆಳಕನ್ನು ನೋಡುವುದು ಆ ಮಾರ್ಗ.

ತೆಳುಪರದೆಯ ಹಿಂದೆ ದೀಪವಿಟ್ಟರೆ ಪರದೆಯ ನೇಯ್ಗೆ ತಿಳಿಯುತ್ತದೆ. ತೊಗಲುಗೊಂಬೆಯಾಟವನ್ನು ಬಲ್ಲ ನಾಡಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಧೂಮಕೇತುಗಳ ವಿಷಯದಲ್ಲಿಯೂ ಈ ತಿಳಿವು ಹಳೆಯದೇ. ರೋಮಿನ ಸೆನೆಕ ಮೊದಲನೆಯ ಶತಮಾನದಲ್ಲಿಯೇ ಧೂಮಕೇತುವಿನ ಮೂಲಕ ಆಚೆಯ ನಕ್ಷತ್ರಗಳು ಕಾಣುತ್ತವೆಂಬ ಸಂಗತಿಯನ್ನು ಚರ್ಚಿಸಿದ್ದಾನೆ. ಆದರೆ ಅದನ್ನು ಅಳತೆಯ ಸಾಧನವನ್ನಾಗಿ ಮಾಡಿಕೊಂಡವನು ಕೋನಿಗ್ಸ್‌ಬರ್ಗ್‌ನ ಖಗೋಳವಿಜ್ಞಾನಿ ಫ್ರೀಡ್ರಿಕ್ ಬೆಸೆಲ್. 1835ರಲ್ಲಿ ಹ್ಯಾಲಿ ಧೂಮಕೇತು ಮರಳಿ ಬಂದಾಗ, ಸೆಪ್ಟೆಂಬರ್ 29ರ ರಾತ್ರಿ ಒಂದು ಮಂದ ನಕ್ಷತ್ರವು ಅದರ ಶಿರೋಭಾಗದ ನಡುಬಿಂದುವಿನಿಂದ ಎಂಟು ವಿಕಲೆಗಿಂತ ಕಡಿಮೆ ಅಂತರದಲ್ಲಿ ಹಾದುಹೋಯಿತು. ಧೂಮಕೇತುವಿಗೆ ಭೂಮಿಯಂತೆ ದಟ್ಟವಾದ ವಾಯುಮಂಡಲವಿದ್ದಲ್ಲಿ ನಕ್ಷತ್ರದ ಬೆಳಕು ಬಾಗಿ, ಅದರ ಸ್ಥಾನ ಪಲ್ಲಟವಾದಂತೆ ಕಾಣಬೇಕಿತ್ತು. ಬೆಸೆಲ್ ತನ್ನ ಉಪಕರಣದಿಂದ ಅಳೆದು ನೋಡಿದ. ನಕ್ಷತ್ರ ಇದ್ದಲ್ಲಿಯೇ ಇತ್ತು. ಬೆಳಕು ಬಾಗಿದ ಕುರುಹೇ ಇರಲಿಲ್ಲ.

ಏನೂ ಆಗಲಿಲ್ಲ ಎಂಬುದೇ ಇಲ್ಲಿ ಫಲಿತಾಂಶ. ವಿಜ್ಞಾನದ ಜನಪ್ರಿಯ ಚರಿತ್ರೆಗಳು ಇಂಥ ನಿಷೇಧಾತ್ಮಕ ಫಲಿತಾಂಶಗಳಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಆದರೆ ಧೂಮಕೇತುವಿನ ಸುತ್ತಲಿನ ಅನಿಲ ಊಹೆಗೂ ಮೀರಿ ವಿರಳವಾದುದೆಂಬ ತಿಳಿವಳಿಕೆಗೆ ಬೆಸೆಲ್‌ನ ಅಳತೆ ಒಂದು ಗಟ್ಟಿಯಾದ ಆಧಾರವಾಯಿತು. ಈ ತಿಳಿವಳಿಕೆ ವಿದ್ವಾಂಸರ ವಲಯವನ್ನು ದಾಟಿ ಹೊರಗೆ ಬರಲಿಲ್ಲ ಎಂಬುದಕ್ಕೆ 1910ರ ಘಟನೆಗಳು ಸಾಕ್ಷಿಯಾಗಿವೆ. ಆ ವರ್ಷ ಹ್ಯಾಲಿ ಮತ್ತೆ ಬಂದಿತ್ತು. ಅದರ ರೋಹಿತದಲ್ಲಿ ವಿಷಾನಿಲವಾದ ಸಯನೋಜನ್ ಇರುವುದು ತಿಳಿದುಬಂದಿತು. ಮೇ ತಿಂಗಳ 18-19ರಂದು ಭೂಮಿ ಧೂಮಕೇತುವಿನ ಬಾಲದೊಳಗೆ ಹಾದುಹೋಗುವ ಸಾಧ್ಯತೆ ಇತ್ತು. ಭೂಮಿಯ ಜೀವಸಂಕುಲಕ್ಕೆ ಅಪಾಯವಿದೆಯೆಂದು ಫ್ರಾನ್ಸಿನ ಕಾಮಿಲ್ ಫ್ಲಮಾರಿಯೋನ್ ಹೇಳಿದರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಧೂಮಕೇತುವಿನ ವಿಷಕ್ಕೆ ಮದ್ದೆಂದು ಗುಳಿಗೆಗಳು ಮಾರಾಟವಾದವು. ಹಳ್ಳಿಗರ ಮೂಢನಂಬಿಕೆ ಎಂದು ಹಗುರವಾಗಿ ತಳ್ಳಿಹಾಕಲಾಗುವ ಭಯಕ್ಕೂ, ರೋಹಿತದರ್ಶಕದ ಒಂದು ನಿಜವಾದ ಶೋಧವನ್ನೇ ಬೀಜವಾಗಿಟ್ಟುಕೊಂಡು ಮಹಾನಗರಗಳಲ್ಲಿ ಬೆಳೆದ ಈ ಭಯಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ಎರಡನೆಯದು ಮುದ್ರಣಯಂತ್ರದ ಜಾನಪದ, ಅಷ್ಟೆ. ಸಯನೋಜನ್ ಇದ್ದುದು ನಿಜ. ಎಷ್ಟಿದೆ ಎಂಬ ಪ್ರಮಾಣಜ್ಞಾನ ಆ ಸುದ್ದಿಯಲ್ಲಿ ಇರಲಿಲ್ಲ.

ಧೂಮಕೇತುವಿಗೆ ಸಾಮಾನ್ಯವಾಗಿ ಎರಡು ಬಗೆಯ ಬಾಲಗಳಿರುತ್ತವೆ. ಬಾಗಿದ, ಹಳದಿ ಛಾಯೆಯ ಧೂಳಿನ ಬಾಲ ಒಂದು. ನೀಲಿಯ, ನೆಟ್ಟಗಿನ ಬಾಲ ಇನ್ನೊಂದು. ಈ ಎರಡನೆಯದು ವಿದ್ಯುದಾವೇಶ ಪಡೆದ ಅಯಾನುಗಳೂ ಎಲೆಕ್ಟ್ರಾನುಗಳೂ ಬೆರೆತ ಪ್ಲಾಸ್ಮಾದಿಂದ ಆದುದು. ಪ್ಲಾಸ್ಮಾ ಬಾಲವು ಸೂರ್ಯನ ವಿರುದ್ಧ ದಿಕ್ಕಿಗೆ ಅಷ್ಟು ನೇರವಾಗಿ ಚಾಚಿಕೊಳ್ಳಲು ಸೂರ್ಯನ ಬೆಳಕಿನ ಒತ್ತಡವೊಂದೇ ಸಾಲದೆಂಬ ಸಂದೇಹ ಬಹುಕಾಲದಿಂದ ಇತ್ತು. 1951ರಲ್ಲಿ ಜರ್ಮನಿಯ ಲುಡ್ವಿಗ್ ಬೀರ್‌ಮನ್, ಸೂರ್ಯನಿಂದ ಸತತವಾಗಿ ಕಣಗಳ ಪ್ರವಾಹವೊಂದು ಹೊರಹೊಮ್ಮುತ್ತಿರಬೇಕೆಂದು ಈ ಬಾಲಗಳ ಆಧಾರದಿಂದಲೇ ವಾದಿಸಿದರು. 1957ರಲ್ಲಿ ಹ್ಯಾನಸ್ ಆಲ್‌ಫ್ವೆನ್, ಆ ಪ್ರವಾಹ ಹೊತ್ತುತರುವ ಕಾಂತಕ್ಷೇತ್ರದ ರೇಖೆಗಳು ಧೂಮಕೇತುವಿನ ತಲೆಗೆ ಸಿಕ್ಕಿಕೊಂಡು ಹಿಂದಕ್ಕೆ ಜೋತುಬೀಳುತ್ತವೆಂಬ ಚಿತ್ರವನ್ನು ಮುಂದಿಟ್ಟರು. 1958ರಲ್ಲಿ ಯೂಜೀನ್ ಪಾರ್ಕರ್ ಆ ಪ್ರವಾಹದ ಸಿದ್ಧಾಂತವನ್ನು ರೂಪಿಸಿದರು. ಸೌರಮಾರುತ ಎಂಬ ಹೆಸರು ಬಳಕೆಗೆ ಬಂದುದು ಅಲ್ಲಿಂದ. ಆಕಾಶನೌಕೆಗಳು ಹೋಗಿ ನೋಡುವ ಮೊದಲೇ ಸೂರ್ಯನ ಗಾಳಿ ಬೀಸುವುದನ್ನು ಮನುಷ್ಯ ತಿಳಿದದ್ದು ಬಾಲಚುಕ್ಕಿಯ ಬಾಲವನ್ನು ನೋಡಿ.

ಪ್ಲಾಸ್ಮಾ ಬಾಲವನ್ನು ಹಿಂದಿನ ದೀಪದಿಂದ ಪರೀಕ್ಷಿಸಲು ಕಣ್ಣಿಗೆ ಕಾಣುವ ಬೆಳಕು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಬಿಡಿ ಎಲೆಕ್ಟ್ರಾನುಗಳು ಬೆಳಕಿನ ಮೇಲೆ ಬೀರುವ ಪರಿಣಾಮ ಅತ್ಯಲ್ಪ. ರೇಡಿಯೊ ಅಲೆಗಳ ಮೇಲೆ ಆ ಪರಿಣಾಮ ದೊಡ್ಡದು. ಅಲೆಯ ಉದ್ದ ಹೆಚ್ಚಿದಂತೆ ಅದು ಇನ್ನೂ ಹೆಚ್ಚುತ್ತದೆ. ಎಲೆಕ್ಟ್ರಾನುಗಳ ಮೋಡದ ಮೂಲಕ ಬರುವ ರೇಡಿಯೊ ಅಲೆ ಸ್ವಲ್ಪ ಬಾಗುತ್ತದೆ. ಮೋಡದ ಸಾಂದ್ರತೆ ಒಂದೇ ಸಮನಾಗಿರದೆ ಗಂಟುಗಂಟಾಗಿದ್ದರೆ, ಗಾಳಿಯ ಮೂಲಕ ನೋಡಿದ ನಕ್ಷತ್ರದಂತೆ ರೇಡಿಯೊ ಆಕರವೂ ಮಿನುಗುತ್ತದೆ. ಇವುಗಳ ಜೊತೆಗೆ, ಅಲೆ ತುಸು ತಡವಾಗಿಯೂ ಬಂದು ಸೇರುತ್ತದೆ. ಕೊನೆಯ ಈ ಪರಿಣಾಮವನ್ನು ಅಳೆಯಬೇಕಾದರೆ ಆಕರವು ಯಾವಾಗ ಹೊರಟಿತೆಂಬ ಗುರುತು ಬೇಕು. ಸತತವಾಗಿ ಸುರಿಯುವ ರೇಡಿಯೊ ಆಕರಕ್ಕೆ ಅಂಥ ಗುರುತಿಲ್ಲ. ಗಡಿಯಾರದಂತೆ ಮಿಡಿಯುವ ಆಕರ ದೊರೆಯುವವರೆಗೆ ವಿಜ್ಞಾನಿಗಳು ಬಾಗುವಿಕೆ ಮತ್ತು ಮಿನುಗುವಿಕೆಗಳನ್ನೇ ನೆಚ್ಚಬೇಕಾಯಿತು.

ಧೂಮಕೇತುಗಳತ್ತ ರೇಡಿಯೊ ದೂರದರ್ಶಕಗಳು ತಿರುಗಿದ್ದು 1957ರಲ್ಲಿ, ಅರೆಂಡ್-ರೋಲಾಂಡ್ ಧೂಮಕೇತು ಬಂದಾಗ. ಅದರಿಂದಲೇ ರೇಡಿಯೊ ಅಲೆಗಳು ಹೊರಡುತ್ತಿವೆಯೆಂಬ ವರದಿಗಳು ಆಗ ಬಂದವು. ಅವು ಮುಂದೆ ದೃಢಪಡಲಿಲ್ಲ. ಕೇಂಬ್ರಿಡ್ಜಿನಲ್ಲಿ ವಿಟ್‌ಫೀಲ್ಡ್ ಮತ್ತು ಹಾಗ್‌ಬೋಮ್ ನಡೆಸಿದ ವೀಕ್ಷಣೆಗಳೂ ಅದೇ ವರ್ಷ ಪ್ರಕಟವಾದವು. ಈ ಅಧ್ಯಾಯವನ್ನು ಇಷ್ಟಕ್ಕೇ ಬಿಡಬಹುದು. ಮುಂದಿನ ಮುಖ್ಯ ಬೆಳವಣಿಗೆ ಅದೇ ಕೇಂಬ್ರಿಡ್ಜಿನಲ್ಲಿ, ಬೇರೊಂದು ಕಾರಣಕ್ಕಾಗಿ ನಡೆಯಿತು.

1960ರ ದಶಕದ ಆರಂಭದಲ್ಲಿ ಮಾರ್ಗರೇಟ್ ಕ್ಲಾರ್ಕ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಕೆಲವು ರೇಡಿಯೊ ಆಕರಗಳ ಪ್ರಬಲತೆ ಸೆಕೆಂಡಿನಿಂದ ಸೆಕೆಂಡಿಗೆ ಏರಿಳಿಯುವುದನ್ನು ಗಮನಿಸಿದರು. ಅದಕ್ಕೆ ಕಾರಣ ಸೌರಮಾರುತದ ಗಂಟುಗಳೆಂದು ಆಂಟನಿ ಹ್ಯೂಯಿಶ್, ಸ್ಕಾಟ್ ಮತ್ತು ವಿಲ್ಸ್ 1964ರ ಲೇಖನದಲ್ಲಿ ತೋರಿಸಿಕೊಟ್ಟರು. ಕೋನೀಯವಾಗಿ ಅತಿ ಚಿಕ್ಕದಾದ ಆಕರ ಮಾತ್ರ ಹೀಗೆ ಮಿನುಗುತ್ತದೆ, ಹರಡಿಕೊಂಡದ್ದು ಮಿನುಗುವುದಿಲ್ಲ. ರಾತ್ರಿ ಆಕಾಶದಲ್ಲಿ ಚುಕ್ಕೆಗಳು ಮಿನುಗಿ ಗ್ರಹಗಳು ಸ್ಥಿರವಾಗಿರುವುದೂ ಇದೇ ನ್ಯಾಯದಿಂದ. ಮಿನುಗುವ ಆಕರಗಳನ್ನು ಹೆಕ್ಕಿ ಕ್ವೇಸಾರ್‌ಗಳನ್ನು ಪತ್ತೆಹಚ್ಚಬಹುದೆಂದು ಹ್ಯೂಯಿಶ್ ಒಂದು ದೊಡ್ಡ ಆಂಟೆನಾ ವ್ಯೂಹವನ್ನು ಯೋಜಿಸಿದರು. ನಾಲ್ಕೂವರೆ ಎಕರೆ ನೆಲ, 81.5 ಮೆಗಾಹರ್ಟ್ಸ್ ಆವರ್ತನಾಂಕ, 2,048 ದ್ವಿಧ್ರುವ ಆಂಟೆನಾಗಳು. ಸಾವಿರಕ್ಕೂ ಹೆಚ್ಚು ಕಂಬಗಳನ್ನು ನೆಟ್ಟು, ಸುಮಾರು 120 ಮೈಲಿ ತಂತಿಯನ್ನು ಎಳೆದು ಅದನ್ನು ಕಟ್ಟಿದವರು ಬಹುಮಟ್ಟಿಗೆ ವಿದ್ಯಾರ್ಥಿಗಳೇ. ಉತ್ತರ ಐರ್ಲೆಂಡಿನಿಂದ ಬಂದಿದ್ದ ಜೋಸಲಿನ್ ಬೆಲ್ ಅವರಲ್ಲೊಬ್ಬರು. ಸುತ್ತಿಗೆ ಬೀಸುವುದನ್ನು ಅಲ್ಲಿ ಕಲಿತದ್ದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ.

ವ್ಯೂಹವು 1967ರ ಜುಲೈನಲ್ಲಿ ಕೆಲಸಕ್ಕೆ ತೊಡಗಿತು. ದಿನಕ್ಕೆ 96 ಅಡಿ ಕಾಗದದ ಸುರುಳಿ ಹೊರಬರುತ್ತಿತ್ತು; ಅದನ್ನು ಕಣ್ಣಿನಿಂದಲೇ ಓದುವ ಕೆಲಸ ಬೆಲ್ ಅವರದು. ಮಿನುಗುವ ಆಕರದ ಗೀಚು ಹೇಗಿರುತ್ತದೆ, ಮೋಟಾರುಗಾಡಿಯ ಕಿಡಿಯ ಗದ್ದಲ ಹೇಗಿರುತ್ತದೆ ಎಂಬುದು ಅವರಿಗೆ ಅಭ್ಯಾಸವಾಗಿತ್ತು. ಆಗಸ್ಟ್ 6ರ ಸುರುಳಿಯಲ್ಲಿ ಕಾಲು ಅಂಗುಲದಷ್ಟು ಜಾಗದಲ್ಲಿ ಇವೆರಡೂ ಅಲ್ಲದ ಒಂದು ಗೀಚು ಕಂಡಿತು. ಅದು ನಕ್ಷತ್ರಗಳ ಕಾಲಮಾನಕ್ಕೆ ಹೊಂದಿಕೊಂಡು ಅದೇ ಜಾಗದಿಂದ ಮತ್ತೆ ಮತ್ತೆ ಬರುತ್ತಿತ್ತು. ನವೆಂಬರ್ 28ರಂದು ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ ಅದು 1.33 ಸೆಕೆಂಡಿಗೊಂದರಂತೆ ಕ್ರಮಬದ್ಧವಾಗಿ ಬರುವ ಮಿಡಿತಗಳೆಂದು ತಿಳಿಯಿತು. ಡಿಸೆಂಬರಿನಲ್ಲಿ ಆಕಾಶದ ಬೇರೊಂದು ಭಾಗದಲ್ಲಿ ಎರಡನೆಯದು ದೊರೆಯಿತು. 1968ರ ಫೆಬ್ರವರಿ 24ರಂದು ನೇಚರ್ ಪತ್ರಿಕೆಯಲ್ಲಿ ಶೋಧ ಪ್ರಕಟವಾಯಿತು. ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರಗಳೇ ಇವೆಂಬ ನಿರ್ಣಯ ಬೇಗನೆ ಸ್ಥಿರಪಟ್ಟಿತು. ಪಲ್ಸಾರ್ ಎಂಬ ಹೆಸರು ನಿಂತಿತು.

ಈ ಶೋಧದ ಸುತ್ತ ಒಂದು ಐತಿಹ್ಯ ಬೆಳೆದಿದೆ. ಮಿಡಿತಗಳು ಅನ್ಯಲೋಕದವರ ಸಂದೇಶವಿರಬಹುದೆಂಬ ತಮಾಷೆಯಿಂದ ಮೊದಲ ಆಕರಕ್ಕೆ 'ಪುಟ್ಟ ಹಸಿರು ಮನುಷ್ಯರು' ಎಂಬ ಅಡ್ಡಹೆಸರು ಇಟ್ಟದ್ದು ನಿಜ. ಆದರೆ ಹೇಳುತ್ತ ಹೇಳುತ್ತ ಆ ತಮಾಷೆಯೇ ಕಥೆಯ ನಡುವಿಗೆ ಬಂದು, ವ್ಯೂಹವನ್ನು ಯಾತಕ್ಕಾಗಿ ಕಟ್ಟಲಾಯಿತೆಂಬ ಸಂಗತಿ ಅಂಚಿಗೆ ಸರಿದಿದೆ. ವಾಚಿಕ ಪರಂಪರೆಯಲ್ಲಿ ಇದು ಅಪರೂಪವಲ್ಲ. ಕಥೆಯ ರಂಜಕ ಆಶಯ ಉಳಿದು ಕಸುಬಿನ ವಿವರ ಉದುರಿಹೋಗುತ್ತದೆ. ಕ್ಷಣಕ್ಷಣದ ಏರಿಳಿತವನ್ನು ಹಿಡಿಯಲೆಂದೇ ರೂಪಿಸಿದ ಉಪಕರಣವಾದ್ದರಿಂದಲೇ ಮಿಡಿತಗಳು ಅದರಲ್ಲಿ ಅಚ್ಚಾದವು. ಸೌರಮಾರುತದ ಗಂಟುಗಳನ್ನು ನೋಡುವ ಕಸುಬಿನ ಮಗುವೇ ಪಲ್ಸಾರ್. ಹಾಗಾಗಿ ಧೂಮಕೇತುವಿನ ಬಾಲವನ್ನು ಪಲ್ಸಾರ್ ಮೂಲಕ ಪರೀಕ್ಷಿಸುವ ಯೋಚನೆ ದೂರದ ಎರಡು ಸಂಗತಿಗಳನ್ನು ಎಳೆತಂದು ಕಟ್ಟಿದ್ದಲ್ಲ. ಒಂದೇ ಮನೆತನದ ಎರಡು ಕವಲುಗಳು ಮತ್ತೆ ಸೇರಿದ್ದು.

ಉದುರಿಹೋದದ್ದು ಕಸುಬಿನ ವಿವರ ಮಾತ್ರವಲ್ಲ. 1974ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಹ್ಯೂಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಸಂದಿತು. ಬೆಲ್ ಹೆಸರು ಅದರಲ್ಲಿರಲಿಲ್ಲ. ಪಿಎಚ್.ಡಿ. ಪ್ರಬಂಧದಲ್ಲಿ ಪಲ್ಸಾರ್‌ಗಳ ವಿಷಯ ಅನುಬಂಧವಾಗಿ ಸೇರಿತು. 2018ರಲ್ಲಿ ಅವರಿಗೆ ಮೂವತ್ತು ಲಕ್ಷ ಡಾಲರುಗಳ ಬ್ರೇಕ್‌ಥ್ರೂ ವಿಶೇಷ ಪ್ರಶಸ್ತಿ ಬಂದಾಗ ಆ ಹಣವನ್ನು ಭೌತವಿಜ್ಞಾನ ಕಲಿಯಲು ಅವಕಾಶ ಸಿಗದ ಸಮುದಾಯಗಳ ವಿದ್ಯಾರ್ಥಿಗಳಿಗೆಂದು ಕೊಟ್ಟರು. ಮಿನುಗುವಿಕೆಯನ್ನು ಮೊದಲು ಕಂಡ ಕ್ಲಾರ್ಕ್ ಹೆಸರಂತೂ ಸಾಮಾನ್ಯ ಗ್ರಂಥಗಳಲ್ಲಿ ದೊರೆಯುವುದೇ ಕಷ್ಟ. ಒಂದೇ ಪ್ರಯೋಗಾಲಯದಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಇಬ್ಬರು ವಿದ್ಯಾರ್ಥಿನಿಯರು ಕಾಗದದ ಸುರುಳಿಯಲ್ಲಿ ಕಂಡ ಎರಡು ಏರಿಳಿತಗಳು ಈ ಇಡೀ ಅಧ್ಯಯನದ ತಳಪಾಯ ಎಂಬುದನ್ನು ಇಲ್ಲಿ ದಾಖಲಿಸಬೇಕಾಗುತ್ತದೆ.

ಭಾರತದಲ್ಲಿ ಈ ಮಾರ್ಗ ಬೇರೂರಿದ್ದು ನೀಲಗಿರಿಯಲ್ಲಿ. ಗೋವಿಂದ ಸ್ವರೂಪ್ ನೇತೃತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಉದಕಮಂಡಲದ ಬಳಿ ನಿರ್ಮಿಸಿದ ರೇಡಿಯೊ ದೂರದರ್ಶಕ 1970ರಲ್ಲಿ ಕಾರ್ಯಾರಂಭ ಮಾಡಿತು. ಅದರ ಉದ್ದ 530 ಮೀಟರ್, ಅಗಲ 30 ಮೀಟರ್. ಸುಮಾರು 11 ಅಂಶ ಓರೆಯಾಗಿರುವ ಬೆಟ್ಟದ ಇಳಿಜಾರನ್ನೇ ಆರಿಸಿಕೊಂಡದ್ದರಿಂದ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಂತಿತು; ಹೀಗಾಗಿ ಒಂದೇ ಅಕ್ಷದ ಸುತ್ತ ತಿರುಗಿಸುತ್ತ ಆಕರವನ್ನು ಗಂಟೆಗಟ್ಟಲೆ ಹಿಂಬಾಲಿಸುವುದು ಸಾಧ್ಯವಾಯಿತು. ಕನ್ನಡಕ್ಕೆ ಅತಿ ಸಮೀಪವಾದ ನುಡಿಯನ್ನಾಡುವ ಬಡಗರ ಬೆಟ್ಟಸೀಮೆ ಅದು. ನೆಲದ ಓಟವನ್ನು ನೋಡಿ ಅದಕ್ಕೆ ತಕ್ಕಂತೆ ಉಪಕರಣವನ್ನು ಇಳಿಸಿದ ಈ ಜಾಣ್ಮೆ ಬೇಸಾಯಗಾರನ ಜಾಣ್ಮೆಗೆ ಹತ್ತಿರವಾದುದು. ಚಂದ್ರನು ರೇಡಿಯೊ ಆಕರಗಳನ್ನು ಮರೆಮಾಡುವ ಗಳಿಗೆಯನ್ನು ಹಿಡಿದು ಆ ಆಕರಗಳ ಗಾತ್ರವನ್ನು ಅಳೆಯುವುದು ದೂರದರ್ಶಕದ ಮೊದಲ ಉದ್ದೇಶವಾಗಿತ್ತು. ಮುಂದಿನದನ್ನು ಮರೆಯಾಗಿಟ್ಟುಕೊಂಡು ಹಿಂದಿನದನ್ನು ನೋಡುವ ಕೈಪಳಗಿದವರಿಗೆ, ಚಂದ್ರನ ಬದಲು ಧೂಮಕೇತು ಬಂದಾಗ ಏನು ಮಾಡಬೇಕೆಂದು ತಿಳಿದಿತ್ತು.

1973ರ ಕೊನೆಯಲ್ಲಿ ಬಂದ ಕೊಹೊಟೆಕ್ ಧೂಮಕೇತು ಶತಮಾನದ ಧೂಮಕೇತುವೆಂದು ಪ್ರಚಾರ ಪಡೆದು, ಬರಿಗಣ್ಣಿನ ನೋಡುಗರನ್ನು ನಿರಾಶೆಗೊಳಿಸಿತು. ರೇಡಿಯೊ ವಿಜ್ಞಾನಿಗಳಿಗೆ ಮಾತ್ರ ಅದು ನಿರಾಶೆಯಾಗಲಿಲ್ಲ. ಅದರಲ್ಲಿ ಹೈಡ್ರಾಕ್ಸಿಲ್ ಅಣುವಿನ 18 ಸೆಂಟಿಮೀಟರ್ ರೇಖೆಯನ್ನು ಫ್ರಾನ್ಸಿನ ನಾನ್ಸೆ ದೂರದರ್ಶಕ ಗುರುತಿಸಿತು. ಧೂಮಕೇತುವಿನಿಂದ ಹೊರಬೀಳುವ ನೀರಿನ ಅಂದಾಜಿಗೆ ಆ ರೇಖೆ ಇಂದಿಗೂ ಆಧಾರ. ಅದೇ ಧೂಮಕೇತುವಿನ ಬಾಲ 1974ರ ಜನವರಿ ಆರಂಭದಲ್ಲಿ ಪಿಕೆಎಸ್ 2025-15 ಎಂಬ ರೇಡಿಯೊ ಆಕರದ ಮುಂದೆ ಹಾದುಹೋದಾಗ ಉದಕಮಂಡಲದ ದೂರದರ್ಶಕ ಅತ್ತ ತಿರುಗಿತ್ತು. ಆಕರ ಮಿನುಗಿತೆಂದು ಅನಂತಕೃಷ್ಣನ್, ಭಂಡಾರಿ ಮತ್ತು ರಾವ್ 1975ರಲ್ಲಿ ವರದಿ ಮಾಡಿದರು.

ಹ್ಯಾಲಿ ಮತ್ತೆ ಬಂದದ್ದು 1985-86ರಲ್ಲಿ. ಈ ಬಾರಿ ಹಲವು ಕಡೆ ಸಿದ್ಧತೆ ನಡೆದಿತ್ತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ ಸೇರಿದ, ಥಲ್ತೇಜ್‌ನ 103 ಮೆಗಾಹರ್ಟ್ಸ್ ದೂರದರ್ಶಕದಿಂದ ಅಲೂರ್ಕರ್, ಭೋನ್ಸ್ಲೆ ಮತ್ತು ಶರ್ಮಾ 1985ರ ಡಿಸೆಂಬರಿನಲ್ಲಿ ಪಿಕೆಎಸ್ 2314+03 ಎಂಬ ಆಕರವನ್ನು ಬಾಲದ ಮೂಲಕ ಗಮನಿಸಿದರು. ಬಾಲ ಅಡ್ಡಬಂದ ದಿನಗಳಲ್ಲಿ ಮಿನುಗು ಹೆಚ್ಚಿತೆಂದು ಅವರ ಲೇಖನ 1986ರಲ್ಲಿ ನೇಚರ್‌ನಲ್ಲಿ ಬಂದಿತು. ಮರುವರ್ಷ ಉದಕಮಂಡಲದ ಅನಂತಕೃಷ್ಣನ್, ಮನೋಹರನ್ ಮತ್ತು ವೇಣುಗೋಪಾಲ್ 327 ಮೆಗಾಹರ್ಟ್ಸ್‌ನ ತಮ್ಮ ವೀಕ್ಷಣೆಗಳೊಂದಿಗೆ ಅದೇ ಪತ್ರಿಕೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದರು. ಕೇಂಬ್ರಿಡ್ಜ್ ಮತ್ತು ಆಸ್ಟ್ರೇಲಿಯಾದ ತಂಡಗಳೂ ಬರೆದವು. ಎಲ್ಲರ ಫಲಿತಾಂಶ ಒಂದೇ ಆಗಿರಲಿಲ್ಲ. ಕೆಲವು ಆಕರಗಳು ಹೆಚ್ಚು ಮಿನುಗಿದಂತೆ ಕಂಡವು, ಕೆಲವುಗಳಲ್ಲಿ ಸ್ಪಷ್ಟವಾದ ವ್ಯತ್ಯಾಸ ಕಾಣಲಿಲ್ಲ.

ಭಿನ್ನಾಭಿಪ್ರಾಯದ ಮೂಲ ಎಲ್ಲಿದೆಯೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಬಾಲವಿರಲಿ, ಇಲ್ಲದಿರಲಿ, ಸೌರಮಾರುತದ ಕಾರಣದಿಂದ ಆಕರ ಮಿನುಗುತ್ತಲೇ ಇರುತ್ತದೆ. ಸೌರಮಾರುತವೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಸೂರ್ಯನಿಂದ ಸಿಡಿದ ದಟ್ಟ ಮೋಡವೊಂದು ನೋಟದ ಹಾದಿಯನ್ನು ಅಡ್ಡಹಾಯ್ದರೆ ಮಿನುಗು ಒಮ್ಮೆಲೇ ಇಮ್ಮಡಿಯಾಗಬಲ್ಲದು. ಬಾಲ ಅಡ್ಡಬಂದ ದಿನವೇ ಅಂಥ ಮೋಡವೂ ಬಂದಿದ್ದರೆ, ಏರಿಕೆ ಯಾರದೆಂದು ಹೇಳುವುದು ಹೇಗೆ? ಜನಪದ ಸಾಹಿತ್ಯದ ವಿದ್ಯಾರ್ಥಿಗೆ ಈ ತೊಡಕು ಅಪರಿಚಿತವಲ್ಲ. ಒಬ್ಬ ಹಾಡುಗಾರನ ಒಂದು ರಾತ್ರಿಯ ಹಾಡಿಕೆಯನ್ನು ಮಾತ್ರ ದಾಖಲಿಸಿಕೊಂಡವನು, ಅದರಲ್ಲಿ ಪರಂಪರೆಯದು ಯಾವುದು, ಆ ರಾತ್ರಿಯ ಸಭೆಗೆಂದು ಹಾಡುಗಾರ ಸೇರಿಸಿದ್ದು ಯಾವುದು ಎಂದು ಬೇರ್ಪಡಿಸಲಾರ. ಅದಕ್ಕೆ ಪಾಠಾಂತರಗಳು ಬೇಕು. ಅದೇ ಹಾಡುಗಾರ ಬೇರೆ ರಾತ್ರಿ ಹಾಡಿದ್ದು, ಬೇರೆ ಊರಿನವನು ಹಾಡಿದ್ದು ಕೈಯಲ್ಲಿರಬೇಕು. ಧೂಮಕೇತುವಿನ ವಿಷಯದಲ್ಲಿ ಪಾಠಾಂತರವೆಂದರೆ ಬಾಲದ ಹೊರಗೆ, ಹತ್ತಿರದಲ್ಲಿಯೇ ಇರುವ ಇನ್ನೊಂದು ಆಕರದ ಅದೇ ದಿನದ ದಾಖಲೆ. 1980ರ ದಶಕದ ಚರ್ಚೆಯ ನಿಜವಾದ ಫಲ ಬಾಲದ ಸಾಂದ್ರತೆಯ ಯಾವುದೋ ಒಂದು ಅಂಕಿ ಅಲ್ಲ, ಇಂಥ ಜೋಡಿ ದಾಖಲೆಯಿಲ್ಲದೆ ಏನನ್ನೂ ಹೇಳಬಾರದೆಂಬ ಎಚ್ಚರ. ಆ ಎಚ್ಚರ ಬಂದದ್ದರಲ್ಲಿ ಭಾರತದ ಎರಡು ಕೇಂದ್ರಗಳ ಪಾಲು ದೊಡ್ಡದು.

ಆ ಹೊತ್ತಿಗೆ ಆಕಾಶನೌಕೆಗಳು ನೇರವಾಗಿ ಹೋಗಿ ನೋಡಿದ್ದವು. 1985ರ ಸೆಪ್ಟೆಂಬರ್ 11ರಂದು ಐಸ್ ನೌಕೆ ಜಾಕೋಬಿನಿ-ಝಿನ್ನರ್ ಧೂಮಕೇತುವಿನ ಬಾಲದ ಮೂಲಕ, ಬೀಜಕೇಂದ್ರದಿಂದ ಸುಮಾರು 7,800 ಕಿಲೋಮೀಟರ್ ಹಿಂದೆ ಹಾದುಹೋಯಿತು. ಅಲ್ಲಿ ಅತ್ಯಂತ ದಟ್ಟವಾದ ಕಡೆ ಒಂದು ಘನ ಸೆಂಟಿಮೀಟರಿಗೆ ಆರುನೂರಕ್ಕೂ ಹೆಚ್ಚು ಎಲೆಕ್ಟ್ರಾನುಗಳಿದ್ದವು. ಆಲ್‌ಫ್ವೆನ್ ಊಹಿಸಿದ್ದ ಜೋತುಬಿದ್ದ ಕಾಂತಕ್ಷೇತ್ರವೂ ಕಂಡಿತು. 1986ರ ಮಾರ್ಚ್‌ನಲ್ಲಿ ಜೋಟೊ ನೌಕೆ ಹ್ಯಾಲಿಯ ಬೀಜಕೇಂದ್ರಕ್ಕೆ 600 ಕಿಲೋಮೀಟರಿಗಿಂತ ಸಮೀಪಕ್ಕೆ ಹೋಗಿ ಬಂದಿತು. ನೌಕೆಗಳು ಹೀಗೆ ಮುಟ್ಟಿ ನೋಡಿದ ಮೇಲೆ ದೂರದಿಂದ ನೋಡುವ ಮಾರ್ಗ ಅನಗತ್ಯವಾಯಿತೆಂದು ಭಾವಿಸಬಾರದು. ನೌಕೆ ಅಳೆಯುವುದು ತಾನು ಹಾದುಹೋದ ಒಂದು ಗೆರೆಯನ್ನು ಮಾತ್ರ. ಬಂದುಹೋಗುವ ಧೂಮಕೇತುಗಳಿಗೆಲ್ಲ ನೌಕೆ ಕಳಿಸುವುದೂ ಆಗದ ಮಾತು.

ಪಲ್ಸಾರ್‌ಗಳ ಪ್ರಯೋಜನ ಕಾಣುವುದು ಇಲ್ಲಿ. ಪಲ್ಸಾರ್‌ನ ಒಂದೊಂದು ಮಿಡಿತದಲ್ಲಿಯೂ ಹಲವು ಆವರ್ತನಾಂಕಗಳ ರೇಡಿಯೊ ಅಲೆಗಳು ಒಟ್ಟಿಗೆ ಹೊರಡುತ್ತವೆ. ದಾರಿಯಲ್ಲಿ ಎಲೆಕ್ಟ್ರಾನುಗಳಿದ್ದರೆ ಕಡಿಮೆ ಆವರ್ತನಾಂಕದ ಅಲೆ ಹೆಚ್ಚು ತಡವಾಗಿ ಬರುತ್ತದೆ. ತಡವು ಆವರ್ತನಾಂಕದ ವರ್ಗಕ್ಕೆ ವಿಲೋಮವಾಗಿರುತ್ತದೆ. ಎರಡು ಆವರ್ತನಾಂಕಗಳ ನಡುವಿನ ತಡವನ್ನು ಅಳೆದರೆ ದಾರಿಯಲ್ಲಿ ಒಟ್ಟು ಎಷ್ಟು ಎಲೆಕ್ಟ್ರಾನುಗಳಿವೆಯೆಂದು ಲೆಕ್ಕ ಸಿಗುತ್ತದೆ. ಮಿನುಗು ತಿಳಿಸುವುದು ಗಂಟುಗಳ ಏರಿಳಿತವನ್ನು ಮಾತ್ರ. ತಡ ತಿಳಿಸುವುದು ಮೊತ್ತವನ್ನು. ಅನೇಕ ಪಲ್ಸಾರ್‌ಗಳ ಅಲೆ ಧ್ರುವೀಕೃತವಾದುದರಿಂದ, ಧ್ರುವೀಕರಣದ ತಲ ಎಷ್ಟು ತಿರುಗಿತೆಂಬುದರ ಮೂಲಕ ಬಾಲದ ಕಾಂತಕ್ಷೇತ್ರದ ಸುಳಿವೂ ತಾತ್ತ್ವಿಕವಾಗಿ ಸಿಗಬೇಕು.

ತಾತ್ತ್ವಿಕವಾಗಿ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಲಾಗಿದೆ, ಏಕೆಂದರೆ ಲೆಕ್ಕ ಹಾಕಿದಾಗ ಚಿತ್ರ ಬದಲಾಗುತ್ತದೆ. ಜಾಕೋಬಿನಿ-ಝಿನ್ನರ್‌ನಂಥ ಬಾಲದಲ್ಲಿ ಘನ ಸೆಂಟಿಮೀಟರಿಗೆ 600 ಎಲೆಕ್ಟ್ರಾನುಗಳ ಪದರ 10,000 ಕಿಲೋಮೀಟರ್ ದಪ್ಪವಿದೆಯೆಂದೇ ಇಟ್ಟುಕೊಳ್ಳೋಣ. 150 ಮೆಗಾಹರ್ಟ್ಸ್‌ನಲ್ಲಿ ಅದು ಉಂಟುಮಾಡುವ ತಡ ಒಂದು ಮೈಕ್ರೊಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಇದನ್ನು ಹಿಡಿಯುವುದು ಆಗದ ಕೆಲಸ. ಹ್ಯಾಲಿಯಂಥ ಪ್ರಬಲ ಧೂಮಕೇತುವಿನ ಬಾಲವನ್ನು ಬಿಟ್ಟು ತಲೆಯ ಒಳಭಾಗಕ್ಕೆ ಬಂದು, ಘನ ಸೆಂಟಿಮೀಟರಿಗೆ 10,000 ಎಲೆಕ್ಟ್ರಾನುಗಳು 30,000 ಕಿಲೋಮೀಟರ್ ಹಾದಿಯಲ್ಲಿವೆಯೆಂದು ಭಾವಿಸಿದರೆ, 150 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಮೈಕ್ರೊಸೆಕೆಂಡು, 34.5 ಮೆಗಾಹರ್ಟ್ಸ್‌ನಲ್ಲಿ ಸುಮಾರು 35 ಮೈಕ್ರೊಸೆಕೆಂಡು ತಡವಾಗುತ್ತದೆ. ಹಿಡಿಯುವ ಆಸೆ ಇಟ್ಟುಕೊಳ್ಳಬಹುದಾದ ಅಳತೆಯಿದು, ಕಷ್ಟದಿಂದ.

34.5 ಮೆಗಾಹರ್ಟ್ಸ್ ಎಂಬ ಅಂಕಿಯನ್ನು ಇಲ್ಲಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಂದಿನ ಕೋಲಾರ, ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಸೇರಿ 1970ರ ದಶಕದಲ್ಲಿ ಕಟ್ಟಿದ, ಇಂಗ್ಲಿಷ್ ಟಿ ಅಕ್ಷರದ ಆಕಾರದ ಆಂಟೆನಾ ವ್ಯೂಹ ಕೆಲಸ ಮಾಡಿದ್ದು ಇದೇ ಆವರ್ತನಾಂಕದಲ್ಲಿ. ಸಾವಿರ ದ್ವಿಧ್ರುವಗಳ ಆ ವ್ಯೂಹದ ಪೂರ್ವಪಶ್ಚಿಮ ತೋಳು ಸುಮಾರು 1.4 ಕಿಲೋಮೀಟರ್ ಉದ್ದ. ಪಲ್ಸಾರ್‌ಗಳನ್ನು ಇಷ್ಟು ಕಡಿಮೆ ಆವರ್ತನಾಂಕದಲ್ಲಿ ನೋಡುವುದು ದುಸ್ತರ. ದೇಶಪಾಂಡೆ ಮತ್ತು ರಾಧಾಕೃಷ್ಣನ್ ಅದನ್ನು ಸಾಧಿಸಿ 1992ರಲ್ಲಿ ಪ್ರಕಟಿಸಿದರು. ಈ ರಾಧಾಕೃಷ್ಣನ್ ಅವರು ಸರ್ ಸಿ.ವಿ. ರಾಮನ್ ಅವರ ಮಗ. 1969ರಲ್ಲಿ ಆಸ್ಟ್ರೇಲಿಯಾದಲ್ಲಿದ್ದಾಗ ವೇಲಾ ಪಲ್ಸಾರ್‌ನ ಧ್ರುವೀಕರಣದಿಂದ ಪಲ್ಸಾರ್‌ಗಳ ಕಾಂತಧ್ರುವದ ಮಾದರಿಯನ್ನು ರೂಪಿಸಿ, 1972ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು.

ಕಷ್ಟ ಒಂದೆರಡಲ್ಲ. ಆವರ್ತನಾಂಕ ಕಡಿಮೆಯಾದಷ್ಟೂ ತಡ ಹೆಚ್ಚುತ್ತದೆ, ನಿಜ. ಆದರೆ ನಕ್ಷತ್ರಗಳ ನಡುವಿನ ಪ್ಲಾಸ್ಮಾದಲ್ಲಿ ಚದುರಿ ಮಿಡಿತವೂ ಮಬ್ಬಾಗಿ ಹರಡಿಕೊಳ್ಳುತ್ತದೆ. ಮಿಡಿತದ ಅಂಚು ಚೂಪಾಗಿಲ್ಲದಿದ್ದರೆ ಮೈಕ್ರೊಸೆಕೆಂಡುಗಳನ್ನು ಅಳೆಯಲಾಗದು. ಸೆಕೆಂಡಿಗೊಮ್ಮೆ ಮಿಡಿಯುವ ಬೆಲ್ ಅವರ ಪಲ್ಸಾರ್‌ನಂಥವು ಈ ಕೆಲಸಕ್ಕೆ ಮೊಂಡು ಗಡಿಯಾರಗಳು. 1982ರಲ್ಲಿ ಡೊನಾಲ್ಡ್ ಬ್ಯಾಕರ್ ಮತ್ತು ಸಂಗಡಿಗರು ಸೆಕೆಂಡಿಗೆ 642 ಬಾರಿ ತಿರುಗುವ ಮೊದಲ ಮಿಲಿಸೆಕೆಂಡ್ ಪಲ್ಸಾರನ್ನು ಕಂಡುಹಿಡಿದ ಮೇಲೆ ಹರಿತವಾದ ಗಡಿಯಾರ ದೊರೆಯಿತು. ಆ ಸಂಗಡಿಗರಲ್ಲಿ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರೂ ಒಬ್ಬರು.

ಗಡಿಯಾರ ದೊರೆತರೂ ಅದು ಸರಿಯಾದ ಜಾಗದಲ್ಲಿರಬೇಕು. ಮೇಲಿನ ಲೆಕ್ಕದ 30,000 ಕಿಲೋಮೀಟರ್ ಹರವು, ಧೂಮಕೇತು ಭೂಮಿಯಿಂದ ಏಳೂವರೆ ಕೋಟಿ ಕಿಲೋಮೀಟರ್ ದೂರದಲ್ಲಿದ್ದಾಗ ಆಕಾಶದಲ್ಲಿ ಚಂದ್ರಬಿಂಬದ ಇಪ್ಪತ್ತರಲ್ಲೊಂದು ಭಾಗದಷ್ಟು ಮಾತ್ರ. ದಿನಕ್ಕೆ ಒಂದು ಅಂಶ ಚಲಿಸುವ ಧೂಮಕೇತು ಅಷ್ಟು ಜಾಗವನ್ನು ಅರ್ಧ ಗಂಟೆಯಲ್ಲಿ ದಾಟಿಬಿಡುತ್ತದೆ. ಪಲ್ಸಾರ್‌ಗಳು ತಿಳಿದಿರುವುದು ಕೆಲವೇ ಸಾವಿರ. ರೇಡಿಯೊ ಆಕರಗಳೋ ಲಕ್ಷಗಟ್ಟಲೆ. ಬಾಲದ ಹಿಂದೆ ಕ್ವೇಸಾರ್ ಸಿಗುವಷ್ಟು ಸುಲಭವಾಗಿ ತಲೆಯ ಹಿಂದೆ ಪಲ್ಸಾರ್ ಸಿಗುವುದಿಲ್ಲ. ಇದರ ಮೇಲೆ ಸೌರಮಾರುತದ ಎಲೆಕ್ಟ್ರಾನುಗಳೂ ಭೂಮಿಯ ಅಯಾನುಗೋಳದವೂ ತಡವನ್ನು ಸೇರಿಸುತ್ತವೆ; ಅವುಗಳ ಪಾಲನ್ನು ಕಳೆದಲ್ಲದೆ ಧೂಮಕೇತುವಿನ ಪಾಲು ತಿಳಿಯದು.

ಕಳೆಯುವ ಈ ವಿದ್ಯೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಗಣನೀಯ ಪ್ರಗತಿಯಾಗಿದೆ. ಯೂರೋಪಿನ ಲೋಫಾರ್ ವ್ಯೂಹದಿಂದ ಪಲ್ಸಾರ್‌ಗಳನ್ನು ವರ್ಷಗಟ್ಟಲೆ ಗಮನಿಸಿ ಸೌರಮಾರುತದ ಸಾಂದ್ರತೆಯ ಏರಿಳಿತವನ್ನು ಗುರುತಿಸಲಾಗಿದೆ. ಪುಣೆಯ ಬಳಿಯ ಮೀಟರ್ ಅಲೆಗಳ ಬೃಹತ್ ದೂರದರ್ಶಕವನ್ನು ಬಳಸುವ ಭಾರತೀಯ ಪಲ್ಸಾರ್ ಕಾಲಮಾಪನ ತಂಡದ ಕೆಲಸವೂ ಇದೇ ದಾರಿಯಲ್ಲಿದೆ. ಈ ತಂಡಗಳ ಗುರಿ ಗುರುತ್ವದ ಅಲೆಗಳು. ಸೌರಮಾರುತ ಅವರ ಪಾಲಿಗೆ ತೊಳೆದು ತೆಗೆಯಬೇಕಾದ ಕೊಳೆ. ಹ್ಯೂಯಿಶ್ ವ್ಯೂಹದಲ್ಲಿ ಸೌರಮಾರುತವನ್ನು ಹುಡುಕುವಾಗ ಪಲ್ಸಾರ್ ಗೀಚಿನಂತೆ ಕಂಡಿತ್ತು. ಈಗ ಪಾತ್ರಗಳು ಅದಲುಬದಲಾಗಿವೆ.

ಹ್ಯಾಲಿ ಧೂಮಕೇತು 2023ರ ಡಿಸೆಂಬರಿನಲ್ಲಿ ಸೂರ್ಯನಿಂದ ಅತಿ ದೂರದ ಬಿಂದುವನ್ನು ದಾಟಿ ಹಿಂದಿರುಗುವ ಹಾದಿಯಲ್ಲಿದೆ. 2061ರ ಜುಲೈ ಕೊನೆಯಲ್ಲಿ ಅದು ಸೂರ್ಯನ ಸಮೀಪಕ್ಕೆ ಬರುತ್ತದೆ. ಆ ತಿಂಗಳುಗಳಲ್ಲಿ ಅದರ ತಲೆ ಆಕಾಶದ ಯಾವ ಗೆರೆಯ ಮೇಲೆ ಸರಿಯುತ್ತದೆಂದು ಈಗಲೇ ಲೆಕ್ಕಹಾಕಬಹುದು. ಆ ಗೆರೆಯ ಎರಡೂ ಬದಿಗೆ ಇರುವ ಪಲ್ಸಾರ್‌ಗಳ ಪಟ್ಟಿಯನ್ನೂ ತಯಾರಿಸಬಹುದು, ಒಂದೊಂದಕ್ಕೂ ಬಾಲದ ಹೊರಗೆ ಒಂದು ಜೋಡಿ ಆಕರವನ್ನು ಗೊತ್ತುಮಾಡಿ.